ಕಣ್ಣು ಮುಚ್ಚಿ ಆಯ್ದುಕೊಳ್ಳುವ ರೇಡಿಯೋ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಕಣ್ಣಿಗೆ ದಣಿವು ಜಾಸ್ತಿಯಾಗಿದೆ, ಫೋನು ನೋಡುವುದನ್ನು ಕಡಿಮೆ ಮಾಡಲು ಡಾಕ್ಟರು ಹೇಳಿದ್ದಾರೆ, ಅದಕ್ಕೆ ಒಂದು ಪುಟ್ಟ ರೇಡಿಯೋ ತೆಗೆದುಕೊಳ್ಳಬೇಕು ಎಂದು ಬರೆದಿದ್ದೀಯ. ಓದಿ ಬೇಜಾರೂ ಆಯಿತು, ಸಂತೋಷವೂ ಆಯಿತು. ನಾಲ್ಕು ವರ್ಷದ ಹಿಂದೆ ನನ್ನ ಕಣ್ಣಿಗೆ ಆಪರೇಷನ್ ಆದಾಗ ಹತ್ತು ದಿನ ಪಟ್ಟಿ ಕಟ್ಟಿಕೊಂಡು ಮಲಗಿದ್ದೆನಲ್ಲ, ಆಗ ಕಲಿತದ್ದನ್ನೆಲ್ಲ ಈಗ ನಿನಗೆ ಹೇಳಬಹುದು.

ಆ ಹತ್ತು ದಿನ ನನ್ನ ಹತ್ತಿರ ಎರಡು ರೇಡಿಯೋ ಇದ್ದವು. ಒಂದು ಹೊಸದು. ಮೈತುಂಬ ಒಂದೇ ಅಳತೆಯ ಚಪ್ಪಟೆ ಗುಂಡಿಗಳು, ಮೇಲೆ ಚಂದದ ಪರದೆ. ಇನ್ನೊಂದು ಹಳೆಯದು, ಬದಿಯಲ್ಲಿ ಎರಡು ಗಾಲಿ ಅಷ್ಟೆ: ಒಂದು ಸ್ಟೇಷನ್ನಿಗೆ, ಒಂದು ಶಬ್ದಕ್ಕೆ. ಹೊಸದು ಎರಡನೇ ದಿನವೇ ಕಪಾಟು ಸೇರಿತು. ಯಾವ ಗುಂಡಿ ಏನು ಮಾಡುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹಳೆಯದರ ಶಬ್ದದ ಗಾಲಿಯನ್ನು ಹೆಬ್ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಟಿಕ್ ಎಂದು ಹತ್ತಿಕೊಳ್ಳುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಟಿಕ್ ಎಂದು ನಿಲ್ಲುತ್ತಿತ್ತು. ಅದಕ್ಕೇ ಹೇಳುತ್ತೇನೆ, ರೇಡಿಯೋವನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಆಯ್ದುಕೋ. ಕಣ್ಣು ತೆರೆಯದೆ ಹಚ್ಚಲು, ಸ್ಟೇಷನ್ ಬದಲಿಸಲು, ಆರಿಸಲು ಬಂದರೆ ಅದು ನಿನ್ನ ರೇಡಿಯೋ.

ಈ ಎರಡು ಗಾಲಿಯ ಏರ್ಪಾಡು ಹೊಸದೇನಲ್ಲ. 1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟಿಆರ್-1 ಎಂಬ ರೇಡಿಯೋ ಬಂತು. ಮಾರಾಟಕ್ಕೆ ಬಂದ ಮೊದಲ ಟ್ರಾನ್ಸಿಸ್ಟರ್ ಜೇಬು ರೇಡಿಯೋ ಅದೇ. ಒಳಗೆ ನಾಲ್ಕೇ ಟ್ರಾನ್ಸಿಸ್ಟರ್, 22.5 ವೋಲ್ಟಿನ ಒಂದು ಬ್ಯಾಟರಿ. ಅದರಲ್ಲೂ ಟ್ಯೂನಿಂಗಿಗೆ ಒಂದು, ವಾಲ್ಯೂಮಿಗೆ ಒಂದು, ಹೀಗೆ ಎರಡೇ ಹಿಡಿ. ಇಷ್ಟು ವರ್ಷವಾದರೂ ದಿನಬಳಕೆಗೆ ಅದಕ್ಕಿಂತ ಸಲೀಸಾದ ಏರ್ಪಾಡನ್ನು ನಾನು ಕಂಡಿಲ್ಲ.

ಹಾಗಂತ ಡಿಜಿಟಲ್ ಸೆಟ್ಟು ಬೇಡವೇ ಬೇಡ ಎನ್ನುವುದಿಲ್ಲ. ಮೂರ್ನಾಲ್ಕು ಸ್ಟೇಷನ್ನುಗಳನ್ನೇ ದಿನವೂ ಕೇಳುವವನಿಗೆ ಒಂದೊಂದು ಗುಂಡಿಗೆ ಒಂದೊಂದು ಸ್ಟೇಷನ್ ಕೂರಿಸಿಕೊಳ್ಳುವುದು ದೊಡ್ಡ ಅನುಕೂಲ. ಗುಂಡಿಗಳು ಉಬ್ಬಿರಬೇಕು, ನಡುವೆ ಜಾಗ ಇರಬೇಕು. ಇನ್ನು ಅಂಗಡಿಯಲ್ಲಿ ಯಾರೂ ನೋಡದ ಒಂದು ಸಂಗತಿ ಇದೆ. ಶಬ್ದವನ್ನು ಅತಿ ಕಡಿಮೆಗೆ ಇಳಿಸಿ ಕೇಳು. ಕೆಲವು ಡಿಜಿಟಲ್ ಸೆಟ್ಟುಗಳಲ್ಲಿ ಸೊನ್ನೆ ಎಂದರೆ ಪೂರ್ತಿ ಮೌನ, ಒಂದು ಎಂದರೆ ನಡುರಾತ್ರಿ ಪಕ್ಕದಲ್ಲಿ ಮಲಗಿದವರು ಎದ್ದು ಕೂರುವಷ್ಟು ಜೋರು. ಗಾಲಿ ಇರುವ ಸೆಟ್ಟಿನಲ್ಲಿ ಪಿಸುಮಾತಿನ ತನಕ ಇಳಿಸಬಹುದು. ಗುಂಡಿ ಒತ್ತಿದಾಗಲೆಲ್ಲ ಬೀಪ್ ಎನ್ನುತ್ತದೆಯಾ, ಹಾಗಿದ್ದರೆ ಅದನ್ನು ನಿಲ್ಲಿಸಲು ಬರುತ್ತದೆಯಾ ಎಂದೂ ನೋಡಿಕೋ. ಅರ್ಧ ಗಂಟೆಗೋ ಒಂದು ಗಂಟೆಗೋ ತಾನೇ ಆರಿಹೋಗುವ ಸ್ಲೀಪ್ ಟೈಮರ್ ಇದ್ದರೆ ನಿನಗೆ ಬಹಳ ಉಪಯೋಗ. ಕೇಳುತ್ತ ಕೇಳುತ್ತ ನಿದ್ದೆ ಹೋದರೆ ಸೆಲ್ಲು ಉಳಿಯುತ್ತದೆ.

ಮುಳ್ಳು, ಗಾಲಿ ಇದ್ದ ಮಾತ್ರಕ್ಕೆ ಒಳಗೂ ಹಳೆಯ ಕಾಲದ ರೇಡಿಯೋ ಇದೆ ಎಂದುಕೊಳ್ಳಬೇಡ. ಈಗಿನ ಹಲವು ಸೆಟ್ಟುಗಳ ಒಳಗೆ ಡಿಎಸ್‌ಪಿ ಎನ್ನುವ, ಅಲೆಗಳನ್ನು ಅಂಕಿಗಳಾಗಿಸಿ ಲೆಕ್ಕ ಹಾಕುವ ಒಂದೇ ಚಿಪ್ಪು ಎಲ್ಲ ಕೆಲಸ ಮಾಡುತ್ತದೆ. ಎಫ್ಎಂ ಚೆನ್ನಾಗಿ ಹಿಡಿಯುತ್ತವೆ, ಸ್ಟೇಷನ್ ಜಾರುವುದಿಲ್ಲ. ಆದರೆ ಗಾಲಿ ತಿರುಗಿಸಿದರೆ ನುಣುಪಾಗಿ ಹೋಗದೆ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತವೆ, ದೂರದ ಕ್ಷೀಣ ಸ್ಟೇಷನ್ ಬಂದರೆ ಕೆಲವು ತಾವೇ ದನಿ ತಗ್ಗಿಸಿಬಿಡುತ್ತವೆ. ಹತ್ತಿರದ ಸ್ಟೇಷನ್ನುಗಳಿಗೆ ಇದರಿಂದ ಏನೂ ತೊಂದರೆ ಇಲ್ಲ.

ಈಗ ಸೆಲ್ಲಿನ ವಿಷಯ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಎಎ ಸೆಲ್ಲು ಹಾಕುವ ಸೆಟ್ಟನ್ನೇ ಕೊಳ್ಳು. ನಾನು ಒಮ್ಮೆ ಬ್ಯಾಟರಿ ಒಳಗೇ ಅಂಟಿಸಿ ಮುಚ್ಚಿದ್ದ ಒಂದು ಪುಟ್ಟ ಸೆಟ್ಟು ತಂದಿದ್ದೆ. ದನಿ ಎಷ್ಟು ಚೆನ್ನಾಗಿತ್ತು ಅಂದರೆ ಈಗಲೂ ನೆನಪಾಗುತ್ತದೆ. ಎರಡು ವರ್ಷಕ್ಕೆ ಬ್ಯಾಟರಿ ಉಬ್ಬಿತು, ಬಿಚ್ಚಿ ಬೇರೆ ಹಾಕಲು ದಾರಿಯೇ ಇರಲಿಲ್ಲ. ರೇಡಿಯೋ ಚೆನ್ನಾಗಿದ್ದೂ ಎಸೆಯಬೇಕಾಯಿತು. ಚಾರ್ಜಾಗುವ ಬ್ಯಾಟರಿಯೇ ಬೇಕು ಎನಿಸಿದರೆ ಹಿಂದಿನ ಮುಚ್ಚಳ ಸರಿಸಿ ತೆಗೆಯಲು ಬರುವಂಥದ್ದು ಇರಲಿ. ಹಿಂದೆ ನೋಕಿಯಾ ಫೋನುಗಳಲ್ಲಿ ಇರುತ್ತಿದ್ದ ಬಿಎಲ್-5ಸಿ ಬ್ಯಾಟರಿಯನ್ನೇ ಬಳಸುವ ರೇಡಿಯೋಗಳಿವೆ, ಅವು ಆಗಬಹುದು.

ಸೆಲ್ಲು ಎಷ್ಟು ದಿನ ಬರುತ್ತದೆ ಎನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಒಳ್ಳೆಯ ಎಎ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 2,000 ಮಿಲಿಆಂಪ್-ಗಂಟೆಯಷ್ಟು ಶಕ್ತಿ ಇರುತ್ತದೆ. ಎರಡು ಸೆಲ್ಲನ್ನು ಒಂದರ ಹಿಂದೊಂದು ಜೋಡಿಸಿದ ಸೆಟ್ಟು (ಆಗ ವೋಲ್ಟ್ ಕೂಡುತ್ತದೆ, ಗಂಟೆ ಕೂಡುವುದಿಲ್ಲ) 40 ಮಿಲಿಆಂಪ್ ಎಳೆದರೆ 50 ಗಂಟೆ ಬಂತು. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ಹನ್ನೆರಡು ದಿನ. ಶಬ್ದ ಜೋರು ಮಾಡಿದಷ್ಟೂ ಬೇಗ ಮುಗಿಯುತ್ತದೆ, ಇಯರ್‌ಫೋನ್ ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ. ದಿನವೂ ಕೇಳುವವನು ನೀನು, ಹಾಗಾಗಿ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ನಾಲ್ಕು ತೆಗೆದಿಟ್ಟುಕೋ. ಎರಡು ರೇಡಿಯೋದಲ್ಲಿ, ಎರಡು ಚಾರ್ಜರಿನಲ್ಲಿ. ಅವು 1.5 ವೋಲ್ಟಿನ ಬದಲು 1.2 ವೋಲ್ಟ್ ಕೊಡುತ್ತವೆ, ಅದರಿಂದ ಕೆಲವು ಸೆಟ್ಟುಗಳು ಸೆಲ್ಲು ಮುಗಿಯುವ ಮೊದಲೇ ಮುಗಿಯಿತು ಎಂದು ತೋರಿಸುತ್ತವೆ. ಗಾಬರಿಯಾಗಬೇಡ.

ಒಂದು ಮಾತು ಮರೆಯಬೇಡ: ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಸೆಲ್ಲು ತೆಗೆದಿಡು. ನನ್ನ ಆ ಎರಡು ಗಾಲಿಯ ಹಳೆಯ ರೇಡಿಯೋ ಒಮ್ಮೆ ಸಾಯುವುದರಲ್ಲಿತ್ತು. ಆಲ್ಕಲೈನ್ ಸೆಲ್ಲು ಒಳಗೇ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಆ ಪುಡಿ ಕ್ಷಾರದ್ದು, ಬರಿಗೈಯಲ್ಲಿ ಮುಟ್ಟಬಾರದು. ಹತ್ತಿಗೆ ಒಂದೆರಡು ಹನಿ ವಿನೆಗರ್ ಹಚ್ಚಿ ಒರೆಸಿ, ಒಣಗಿಸಿ, ಉಜ್ಜುಕಾಗದದಿಂದ ಸ್ಪ್ರಿಂಗ್ ಹೊಳೆಯುವ ತನಕ ಮೆಲ್ಲಗೆ ಉಜ್ಜಿದೆ. ಅದು ಮತ್ತೆ ಮಾತಾಡಿದಾಗ ನನಗಾದ ಖುಷಿ ಹೇಳತೀರದು.

ಸ್ಪೀಕರ್ ಬಗ್ಗೆ ಹೆಚ್ಚೇನಿಲ್ಲ. ನೀನು ಕೇಳುವುದು ಮಾತು ಜಾಸ್ತಿ, ಹಾಡು ಕಡಿಮೆ. ಅಂಗೈ ಅಗಲದ ಸೆಟ್ಟಿನಲ್ಲಿ ಏಳೆಂಟು ಸೆಂಟಿಮೀಟರ್ ಸ್ಪೀಕರ್ ಇದ್ದರೆ ಸಾಕು. ಸುದ್ದಿ ಓದುವಾಗ ‘ಸ’, ‘ಶ’ ಬೇರೆ ಬೇರೆಯಾಗಿ ಕೇಳಿಸಬೇಕು. ಗುಂಗುಂ ಎನ್ನುವ ದಪ್ಪ ದನಿಗೆ ಮಾರುಹೋಗಬೇಡ, ಅದರಲ್ಲಿ ಮಾತು ಮುಳುಗಿಹೋಗುತ್ತದೆ.

ಯಾವ ಬ್ಯಾಂಡ್, ಅಂದರೆ ಯಾವ ಬಗೆಯ ಅಲೆ ಬೇಕು ಎನ್ನುವುದು ನಿನ್ನ ಊರಲ್ಲಿ ಏನು ಪ್ರಸಾರವಾಗುತ್ತದೆ ಎನ್ನುವುದರ ಮೇಲೆ. ಎಫ್ಎಂ ಹೆಚ್ಚಿನ ಕಡೆ 87.5ರಿಂದ 108 ಮೆಗಾಹರ್ಟ್ಸ್ ತನಕ ಇದೆ. ಜಪಾನಿಗೆಂದು ಮಾಡಿದ ಹಳೆಯ ಸೆಟ್ಟುಗಳು 76ಕ್ಕೆ ಶುರುವಾಗಿ 90ಕ್ಕೆ ನಿಂತುಬಿಡುತ್ತವೆ, ಯಾರಾದರೂ ಪ್ರೀತಿಯಿಂದ ಅಲ್ಲಿಂದ ತಂದುಕೊಟ್ಟರೆ ಮೊದಲು ಡಯಲ್ ನೋಡು. ನಾರ್ವೆಯಂಥ ದೇಶದಲ್ಲಿ 2017ರಲ್ಲಿ ರಾಷ್ಟ್ರೀಯ ಸ್ಟೇಷನ್ನುಗಳು ಎಫ್ಎಂ ಬಿಟ್ಟು ಡಿಎಬಿ ಎನ್ನುವ ಡಿಜಿಟಲ್ ಪ್ರಸಾರಕ್ಕೆ ಹೋದವು. ಅಂಥ ಕಡೆ ಡಿಎಬಿ ಇರುವ ಸೆಟ್ಟೇ ಬೇಕು, ಅದು ಸೆಲ್ಲು ಜಾಸ್ತಿ ತಿನ್ನುತ್ತದೆ. ಶಾರ್ಟ್ ವೇವ್ ಇದ್ದರೆ ಇರಲಿ.

ಮೀಡಿಯಂ ವೇವ್ (ಸೆಟ್ಟಿನ ಮೇಲೆ ಎಂಡಬ್ಲ್ಯೂ ಇಲ್ಲವೇ ಎಎಂ ಎಂದಿರುತ್ತದೆ) ಮಾತ್ರ ಬಿಡಬೇಡ. ಬೆಂಕಿಪೊಟ್ಟಣದಷ್ಟು ಚಿಕ್ಕ ಸೆಟ್ಟು ಬೇಡ ಎನ್ನುವುದು ಇದಕ್ಕೇ. ಎಫ್ಎಂಗೆ ಎಳೆಯುವ ಆಂಟೆನಾ ಇರುತ್ತದೆ, ಇಲ್ಲವೇ ಇಯರ್‌ಫೋನಿನ ತಂತಿಯೇ ಆಂಟೆನಾ ಆಗುತ್ತದೆ. ಮೀಡಿಯಂ ವೇವ್ ಹಿಡಿಯುವುದು ಪೆಟ್ಟಿಗೆಯ ಒಳಗೆ ಮಲಗಿರುವ, ತಾಮ್ರದ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ. ಕಡ್ಡಿ ಉದ್ದ ಇದ್ದಷ್ಟೂ ಒಳ್ಳೆಯದು, ಪುಟ್ಟ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಎಲ್ಲಿ? ಕಡ್ಡಿಯ ಮಗ್ಗುಲು ಸ್ಟೇಷನ್ನಿನ ಕಡೆ ಇದ್ದರೆ ದನಿ ಜೋರು, ತುದಿ ಆ ಕಡೆ ತಿರುಗಿದರೆ ಕ್ಷೀಣ. ಆದ್ದರಿಂದ ಆಂಟೆನಾ ಎಳೆಯುತ್ತ ಕೂರದೆ ರೇಡಿಯೋವನ್ನೇ ಮೆಲ್ಲಗೆ ತಿರುಗಿಸು. ಗರಗರ ಶಬ್ದವನ್ನೂ ಹೀಗೇ ಕಡಿಮೆ ಮಾಡಬಹುದು. ಎಲ್ಇಡಿ ಬಲ್ಬು, ಫೋನ್ ಚಾರ್ಜರ್ ಹತ್ತಿರ ಇದ್ದರೆ ಮೀಡಿಯಂ ವೇವ್ ತುಂಬ ಕರಕರ ಎನ್ನುತ್ತದೆ. ಎರಡು ಹೆಜ್ಜೆ ದೂರ ಇಟ್ಟು ತಿರುಗಿಸಿದರೆ ಎಷ್ಟೋ ವಾಸಿ. ಡಿಜಿಟಲ್ ಸೆಟ್ಟಾದರೆ ಟ್ಯೂನಿಂಗ್ 9 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಇದೆಯಾ ನೋಡು. ಅಮೆರಿಕ ಖಂಡಗಳಲ್ಲಿ 10, ಮಿಕ್ಕ ಕಡೆ 9. ತಪ್ಪು ಹೆಜ್ಜೆಯಲ್ಲಿದ್ದರೆ ಎಷ್ಟೋ ಸ್ಟೇಷನ್ನುಗಳ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಮಾತು ಒಡೆದು ಕೇಳಿಸುತ್ತದೆ.

ಕಣ್ಣಿಗೆ ಪಟ್ಟಿ ಇದ್ದ ಆ ರಾತ್ರಿಗಳಲ್ಲಿ ನನಗೆ ಜೊತೆಯಾದದ್ದು ಮೀಡಿಯಂ ವೇವ್. ಹಗಲಲ್ಲಿ ಆಕಾಶದಲ್ಲಿ ತುಸು ಕೆಳಗಿರುವ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಹೋಗಿ ತಾಗಿ, ಹಿಂದಿರುಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲೆಲ್ಲ ಖಾಲಿ ಇದ್ದ ಡಯಲ್ಲಿನಲ್ಲಿ ಒಂದೊಂದೇ ದನಿ ಮೂಡುತ್ತ, ಮರೆಯಾಗುತ್ತ, ಮತ್ತೆ ಬರುತ್ತ ಇರುತ್ತದೆ. ಯಾರೋ ನನಗೆ ತಿಳಿಯದ ಭಾಷೆಯಲ್ಲಿ ಏನನ್ನೋ ನಿಧಾನಕ್ಕೆ ಓದುತ್ತಿದ್ದರು. ಅರ್ಥವಾಗದಿದ್ದರೂ ಆ ದನಿ ನಿಲ್ಲದಿರಲಿ ಎನಿಸುತ್ತಿತ್ತು.

ರೇಡಿಯೋ ತಂದ ದಿನ ರಾತ್ರಿ ಊಟ ಮುಗಿದ ಮೇಲೆ ದೀಪ ಆರಿಸು, ಚಾರ್ಜರುಗಳನ್ನೆಲ್ಲ ಕಿತ್ತಿಡು, ಡಯಲ್ಲಿನ ಎಡತುದಿಯಿಂದ ಗಾಲಿಯನ್ನು ಕೂದಲೆಳೆಯಷ್ಟೇ ಸರಿಸುತ್ತ ಬಾ. ಮೊದಲು ಸಿಕ್ಕ ದೂರದ ಸ್ಟೇಷನ್ ಯಾವುದು ಎಂದು ನನಗೆ ಬರೆ. ಕಣ್ಣು ಪೂರ್ತಿ ವಾಸಿಯಾಗುವ ತನಕ ಬೇರೆಯವರ ಕೈಯಲ್ಲಿ ಬರೆಸಿದರೂ ಸಾಕು.

ನಿನ್ನ ಗೆಳೆಯ