ಚುಕ್ಕಿಚಿತ್ರಕ್ಕೆ ತಾಳ್ಮೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಚುಕ್ಕಿಗಳಲ್ಲೇ ಬಿಡಿಸಿದ ಹುಲಿ, ಚಿರತೆ, ಗೂಬೆಗಳ ಚಿತ್ರಗಳು ನಿಮ್ಮ ಪುರವಣಿಯಲ್ಲಿ ಆಗಾಗ ಪ್ರಕಟವಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಜೊತೆಗಿರುವ ಬರಹಗಳಲ್ಲಿ ಪ್ರತಿ ಸಲವೂ ಅದೇ ಮಾತು: ಎಷ್ಟು ಲಕ್ಷ ಚುಕ್ಕಿ, ಎಷ್ಟು ತಿಂಗಳ ತಾಳ್ಮೆ. ಇದನ್ನು ಓದಿ ಪೆನ್ನು ಹಿಡಿದ ಹುಡುಗನೋ ಹುಡುಗಿಯೋ, ಚುಕ್ಕಿ ಇಡುತ್ತಾ ಹೋದರೆ ಹುಲಿ ತಾನಾಗಿ ಮೂಡುತ್ತದೆ ಎಂದುಕೊಳ್ಳುತ್ತಾರೆ. ವಾರಗಟ್ಟಲೆ ದುಡಿದ ಮೇಲೂ ಕಾಗದದ ತುಂಬ ಒಂದೇ ಸಮನಾದ ಬೂದು ಬಣ್ಣ ಉಳಿದಾಗ, ತಮಗೆ ತಾಳ್ಮೆ ಸಾಲಲಿಲ್ಲ ಎಂದು ಕೈಬಿಡುತ್ತಾರೆ. ಕೆಟ್ಟದ್ದು ತಾಳ್ಮೆಯ ಕೊರತೆಯಿಂದಲ್ಲ, ಚುಕ್ಕಿಗಳ ನಡುವಿನ ಅಂತರದ ಲೆಕ್ಕ ಗೊತ್ತಿಲ್ಲದೆ. ವನ್ಯಜೀವಿಗಳನ್ನು ಚುಕ್ಕಿಯಲ್ಲಿ ಬಿಡಿಸುವ, ಕಲಿಸುವ ನಾವು ಕೆಲವರು ಆ ಲೆಕ್ಕವನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇವೆ. ಕೊನೆಯಲ್ಲಿ ಪತ್ರಿಕೆಯವರಿಗೂ ಒಂದೆರಡು ಕೋರಿಕೆಗಳಿವೆ.

0.25 ಮಿ.ಮೀ. ಅಗಲದ ಚುಕ್ಕಿ ಬೀಳುವ ಪೆನ್ನು ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಚೌಕದಲ್ಲಿ ಮಿಲಿಮೀಟರ್‌ಗೊಂದರಂತೆ 100 ಚುಕ್ಕಿ ಇಟ್ಟರೆ ಶಾಯಿ ಮುಚ್ಚುವುದು ಚೌಕದ ಸುಮಾರು ಶೇ 5 ಭಾಗವನ್ನು ಮಾತ್ರ. ಅಂತರವನ್ನು ಅರ್ಧ ಮಿಲಿಮೀಟರ್‌ಗೆ ಇಳಿಸಿದರೆ 400 ಚುಕ್ಕಿ ಹಿಡಿಯುತ್ತವೆ, ಮುಚ್ಚುವುದು ಶೇ 20ರ ಹತ್ತಿರ. ಮತ್ತೆ ಅರ್ಧ ಮಾಡಿದರೆ 1,600 ಚುಕ್ಕಿಗಳು ಒಂದಕ್ಕೊಂದು ತಾಗಿ ಕೂತು ಶೇ 78ರಷ್ಟು ಜಾಗ ಕಪ್ಪಾಗುತ್ತದೆ. ಅಂತರ ಅರ್ಧವಾದಾಗಲೆಲ್ಲ ಕಪ್ಪು ನಾಲ್ಕು ಪಟ್ಟು! ‘ಇನ್ನು ಸ್ವಲ್ಪ ಹತ್ತಿರ’ ಎಂದು ಇಟ್ಟ ಚುಕ್ಕಿಗಳು ನಡುವಿನ ಛಾಯೆಗಳನ್ನು ದಾಟಿ ಕಪ್ಪಿಗೇ ಹೋಗಿ ನಿಲ್ಲುವುದು ಈ ಕಾರಣಕ್ಕೆ. ಶೇ 5ರಿಂದ ಶೇ 30ರವರೆಗಿನ ತೆಳು ಛಾಯೆಗಳಲ್ಲೇ ಪ್ರಾಣಿಯ ಮೈಯ ಉಬ್ಬುತಗ್ಗು ಇರುವುದರಿಂದ ಅಲ್ಲಿ ಕೈ ನಿಧಾನವಾಗಬೇಕು. ಕಡುಗಪ್ಪಿನಲ್ಲಿ ಅಷ್ಟು ಜತನ ಬೇಡ. ಸೆಕೆಂಡಿಗೆ ಎರಡು ಚುಕ್ಕಿ ಇಟ್ಟರೂ ಆ 1,600ಕ್ಕೆ 13 ನಿಮಿಷ ಬೇಕು. ಅರ್ಧಕ್ಕಿಂತ ಹೆಚ್ಚು ಕಪ್ಪಾದ ಜಾಗದಲ್ಲಿ 0.5 ಮಿ.ಮೀ. ಪೆನ್ನು ಹಿಡಿದರೆ ಅದೇ ಕೆಲಸಕ್ಕೆ 400 ಚುಕ್ಕಿ ಸಾಕು. ಆದರೆ ಆ ದಪ್ಪ ಚುಕ್ಕಿ ತೆಳು ಛಾಯೆಗೆ ನುಸುಳಿದರೆ ಕೊಳೆಯಂತೆ ಎದ್ದು ಕಾಣುತ್ತದೆ, ಅಳಿಸಲಾಗುವುದಿಲ್ಲ.

ಹೀಗಾಗಿ ಚಿತ್ರಕ್ಕೆ ಮೊದಲು ಛಾಯಾಪಟ್ಟಿ, ಅಂದರೆ ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳ ಅಳತೆಪಟ್ಟಿ, ಮಾಡಿಕೊಳ್ಳಬೇಕು. ಚಿತ್ರ ಬಿಡಿಸುವ ಕಾಗದದ ತುಂಡಿನ ಮೇಲೇ, ಅದೇ ಪೆನ್ನಿನಲ್ಲಿ, 2 ಸೆಂ.ಮೀ.ಯ ಏಳು ಚೌಕಗಳು. ಮೊದಲನೆಯದು ಬರಿ ಕಾಗದ, ಏಳನೆಯದು ಪೂರ್ತಿ ಕಪ್ಪು. ಆಮೇಲೆ ನಾಲ್ಕನೆಯದನ್ನು ಮಾಡಿ, ಉಳಿದವನ್ನು ಅದರ ಎರಡು ಬದಿಗೆ ಹೊಂದಿಸಿ. ಎಡದಿಂದ ಬಲಕ್ಕೆ ಸಾಲಾಗಿ ಮಾಡುತ್ತಾ ಹೋದವರು ಐದನೇ ಚೌಕದಲ್ಲೇ ಕಪ್ಪು ಮುಟ್ಟಿಬಿಡುತ್ತಾರೆ. ಕಣ್ಣು ಅರೆ ಮುಚ್ಚಿ ನೋಡಿದಾಗ ಮೆಟ್ಟಿಲುಗಳು ಸಮನಾಗಿ ಕಂಡರೆ ಪಟ್ಟಿ ಸರಿ ಇದೆ ಎಂದರ್ಥ. ಫೋಟೊದ ಪ್ರತಿ ಭಾಗಕ್ಕೂ ಈ ಪಟ್ಟಿಯಿಂದ ಒಂದು ಸಂಖ್ಯೆ ಕೊಟ್ಟು ನಕ್ಷೆಯಲ್ಲಿ ತೆಳುವಾಗಿ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪೆನ್ನಿನ ವಿಷಯದಲ್ಲಿ ಗೊಂದಲ ಹೆಚ್ಚು. ಪಿಗ್ಮಾ ಮೈಕ್ರಾನ್ ಪೆನ್ನಿನ ಮೇಲೆ 005 ಎಂದಿರುವುದನ್ನು ಅನೇಕರು 0.05 ಮಿ.ಮೀ. ಎಂದು ಓದುತ್ತಾರೆ. ಅದರ ಅಗಲ 0.20 ಮಿ.ಮೀ. 01 ಎಂದರೆ 0.25, 03 ಎಂದರೆ 0.35, 05 ಎಂದರೆ 0.45. ಎ4 ಅಳತೆಯ ಚಿತ್ರಕ್ಕೆ 005 ಅಥವಾ 01, ಜೊತೆಗೆ ಕಪ್ಪು ಜಾಗಗಳಿಗೆ 05 ಇದ್ದರೆ ಬೇರೇನೂ ಬೇಡ. ಕಂಪನಿ ಯಾವುದಾದರೂ ಆಗಲಿ, ಶಾಯಿ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳ) ಜಾತಿಯದಾಗಿರಲಿ. ಬಣ್ಣ ಕರಗಿಸಿ ಮಾಡಿದ ಡೈ ಶಾಯಿ ಬೆಳಕಿಗೆ ಮಾಸುತ್ತದೆ. ಬಾಲ್‌ಪೆನ್ನಿನ ತುದಿಯಲ್ಲಿ ಶಾಯಿ ಗಂಟು ಕಟ್ಟಿ, ಹತ್ತು ಚುಕ್ಕಿಗೊಂದು ದಪ್ಪಗೆ ಬೀಳುತ್ತದೆ. ಕಾಗದ ನುಣುಪಾಗಿರಬೇಕು, 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಅಥವಾ ಮೇಲ್ಪಟ್ಟ ಬ್ರಿಸ್ಟಲ್ ಇಲ್ಲವೇ ಹಾಟ್ ಪ್ರೆಸ್ ಎಂಬ ನುಣುಪು ಕಾಗದ. ಜಲವರ್ಣದ ತರಿ ಕಾಗದದಲ್ಲಿ ಚುಕ್ಕಿಯ ಅಂಚು ಒಡೆಯುತ್ತದೆ, ಪೆನ್ನಿನ ತುದಿಯೂ ಬೇಗ ಸವೆಯುತ್ತದೆ.

ಪೆನ್ನು ಹಿಡಿಯಬೇಕಾದದ್ದು ಬರೆಯುವಾಗಿನಂತೆ ಓರೆಯಾಗಿ ಅಲ್ಲ, ಕಾಗದಕ್ಕೆ ನೆಟ್ಟಗೆ. ನೇರ ಇಳಿಯಬೇಕು, ನೇರ ಏಳಬೇಕು. ಅವಸರದಲ್ಲಿ ತುದಿ ಮೇಲೇಳುವ ಮೊದಲೇ ಕೈ ಮುಂದಕ್ಕೆ ಸರಿದರೆ ಚುಕ್ಕಿಗೆ ಬಾಲ ಬರುತ್ತದೆ. ಬಾಲಗಳೆಲ್ಲ ಒಂದೇ ದಿಕ್ಕಿಗೆ ಇರುವುದರಿಂದ ದೂರದಿಂದ ನೋಡಿದಾಗ ಇಡೀ ಮೈಗೆ ಯಾರೋ ಗೆರೆ ಎಳೆದಂತಿರುತ್ತದೆ. ಒತ್ತಿ ಕುಟ್ಟಿದರೆ ತುದಿ ಲೋಹದ ಕೊಳವೆಯೊಳಕ್ಕೆ ಕುಸಿಯುತ್ತದೆ, ಆ ಪೆನ್ನು ಮತ್ತೆ ಸರಿಹೋಗದು. ಕಾಗದ ಮುಟ್ಟಿದರೆ ಸಾಕು, ಶಾಯಿ ತಾನೇ ಇಳಿಯುತ್ತದೆ.

ಎಲ್ಲರೂ ಬೀಳುವ ಇನ್ನೊಂದು ಗುಂಡಿ, ಚುಕ್ಕಿಗಳು ಸರಪಳಿಯಾಗುವುದು. ಹಿಂದಿನ ಚುಕ್ಕಿಯ ಪಕ್ಕದಲ್ಲೇ ಮುಂದಿನದನ್ನು ಇಡುವುದು ಕೈಯ ಸ್ವಭಾವ. ಹಾಗೆ ಇಟ್ಟದ್ದು ಹುಳು ಹರಿದ ಜಾಡಿನಂತೆ ಕಾಣುತ್ತದೆ, ಮತ್ತು ಸಾಲನ್ನು ಕಂಡ ಕಣ್ಣು ಪ್ರಾಣಿಯನ್ನು ಬಿಟ್ಟು ಸಾಲನ್ನೇ ಹಿಂಬಾಲಿಸುತ್ತದೆ. ಮದ್ದು ಸರಳ: ಯಾವಾಗಲೂ ಕಣ್ಣಿಗೆ ಕಾಣುವ ಅತಿ ದೊಡ್ಡ ಖಾಲಿ ಜಾಗದ ನಡುವೆ ಮುಂದಿನ ಚುಕ್ಕಿ ಇಡಿ, ಆಗಾಗ ಕಾಗದವನ್ನು ತಿರುಗಿಸಿಕೊಳ್ಳಿ. ಇಡೀ ಪ್ರಾಣಿಗೆ ಮೊದಲು ತೆಳುವಾದ ಒಂದು ಸುತ್ತು, ಅದರ ಮೇಲೆ ನೆರಳಿನ ಭಾಗಗಳಿಗೆ ಎರಡನೆಯದು, ಕಡೆಗೆ ಕಪ್ಪು. ಕಿವಿಯಿಂದ ಶುರುಮಾಡಿ ಪೂರ್ತಿ ಮುಗಿಸಿ ಮೂಗಿಗೆ ಬರುವವರ ಚಿತ್ರದಲ್ಲಿ ಕಿವಿಯ ಕಪ್ಪೇ ಬೇರೆ, ಮೂಗಿನ ಕಪ್ಪೇ ಬೇರೆ. ಇದಕ್ಕೆ ಕಣ್ಣೊಂದು ಹೊರತು. ಚಿತ್ರದ ಅತಿ ಕಡುಗಪ್ಪು ಮತ್ತು ಅಪ್ಪಟ ಬಿಳಿ ಎರಡೂ ಅಲ್ಲೇ ಅಕ್ಕಪಕ್ಕ ಇರುವುದರಿಂದ ಕಣ್ಣನ್ನು ಮೊದಲೇ ಮುಗಿಸಿಕೊಂಡರೆ ಉಳಿದದ್ದಕ್ಕೆಲ್ಲ ಅದೇ ಅಳತೆಗೋಲು.

ಪೆನ್ಸಿಲ್ ನಕ್ಷೆ ಎಚ್‌ಬಿಯಲ್ಲಿ, ಹಗುರವಾಗಿ ಇರಲಿ. 2ಎಚ್‌ನಂಥ ಗಟ್ಟಿ ಸೀಸ ಒತ್ತಿದಲ್ಲಿ ಕಾಗದ ತಗ್ಗಾಗಿ, ಮೇಲೆ ಬಿದ್ದ ಚುಕ್ಕಿಗಳು ಆ ತಗ್ಗಿನಲ್ಲಿ ಸಾಲುಗಟ್ಟುತ್ತವೆ. ಹೊರಗೆರೆಯನ್ನು ಶಾಯಿಯಲ್ಲಿ ತಿದ್ದಲೇಬಾರದು. ಗೆರೆ ಬಂದಲ್ಲಿ ಪ್ರಾಣಿ ಕತ್ತರಿಸಿ ಅಂಟಿಸಿದ ಕಾಗದವಾಗುತ್ತದೆ. ಬೆಳಕು ಬಿದ್ದ ಬೆನ್ನಿನ ಅಂಚನ್ನು ಹಿನ್ನೆಲೆಯ ಚುಕ್ಕಿಗಳೇ ತೋರಿಸಬೇಕು. ಬೆಳ್ಳಕ್ಕಿಯ ಚಿತ್ರದಲ್ಲಂತೂ ಹಕ್ಕಿಯ ಮೈಮೇಲೆ ಇಡುವುದಕ್ಕಿಂತ ಅದರ ಸುತ್ತ ಇಡುವ ಚುಕ್ಕಿಗಳೇ ಹೆಚ್ಚು.

ಇಲ್ಲಿಯವರೆಗಿನದು ಯಾವ ಚುಕ್ಕಿಚಿತ್ರಕ್ಕೂ ಸಲ್ಲುತ್ತದೆ. ವನ್ಯಜೀವಿಯ ಚಿತ್ರ ಸೋಲುವುದು ಹೆಚ್ಚಾಗಿ ಪ್ರಾಣಿಯನ್ನು ಸರಿಯಾಗಿ ನೋಡದೆ. ಹುಲಿ, ಚಿರತೆಗಳಿಗೆ ಮನೆಬೆಕ್ಕಿನ ಸೀಳುಪಾಪೆ ಬಿಡಿಸಿದ ಚಿತ್ರಗಳು ಎಷ್ಟೋ ಬರುತ್ತವೆ. ಅವುಗಳ ಪಾಪೆ ದುಂಡಗಿರುತ್ತದೆ. ಮೇಲಿನ ರೆಪ್ಪೆಯ ನೆರಳು ಕಣ್ಣಿನ ಮೇಲ್ಭಾಗಕ್ಕೆ ಬೀಳದಿದ್ದರೆ ಕಣ್ಣು ಗಾಜಿನ ಗೋಲಿಯಾಗುತ್ತದೆ. ಹುಲಿಯ ಪಟ್ಟೆ ಒಂದರಂತೆ ಇನ್ನೊಂದರದಿಲ್ಲ. ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಚಿತ್ರಗಳಲ್ಲಿ ಒಂದೊಂದು ಹುಲಿಯನ್ನೂ ಗುರುತಿಸುವುದು ಪಟ್ಟೆಯಿಂದಲೇ. ಅದನ್ನು ಅಂದಾಜಿನಲ್ಲಿ ತುಂಬಿಸುವುದು, ವ್ಯಕ್ತಿಯ ಭಾವಚಿತ್ರದಲ್ಲಿ ಮೂಗನ್ನು ಅಂದಾಜಿನಲ್ಲಿ ಬರೆದಷ್ಟೇ ತಪ್ಪು.

ಚಿರತೆಯ ಮೈಯನ್ನೇ ಹತ್ತಿರದಿಂದ ನೋಡೋಣ. ಪಕ್ಕೆಯ ಗುರುತುಗಳು ಮುಚ್ಚಿದ ಬಳೆಗಳಲ್ಲ. ಎರಡು, ಮೂರು, ನಾಲ್ಕು ಕಪ್ಪು ತುಣುಕುಗಳು ಸುತ್ತುಗಟ್ಟಿ ನಿಂತು, ನಡುವೆ ಬಿರುಕು ಬಿಟ್ಟಿರುತ್ತವೆ. ಆ ಸುತ್ತಿನ ಒಳಗಿನ ಬಣ್ಣ ಹೊರಗಿನದಕ್ಕಿಂತ ಒಂದು ಮಟ್ಟ ಗಾಢ, ಅಂದರೆ ಛಾಯಾಪಟ್ಟಿಯಲ್ಲಿ ಹೊರಗೆ ಎರಡಿದ್ದರೆ ಒಳಗೆ ಮೂರು. ಸುತ್ತಿನ ನಡುವೆ ಸಣ್ಣ ಕಪ್ಪು ಬೊಟ್ಟುಗಳನ್ನಿಟ್ಟರೆ ಅದು ಅಮೆರಿಕ ಖಂಡಗಳ ಜಾಗ್ವಾರ್ ಆಗಿಬಿಡುತ್ತದೆ. ಮುಖ ಮತ್ತು ಕಾಲುಗಳ ಮೇಲೆ ಬಿಡಿ ಬೊಟ್ಟುಗಳು ಮಾತ್ರ. ಮೈ ತಿರುಗುವ ಕಡೆ, ಬೆನ್ನಿನ ಮತ್ತು ಹೊಟ್ಟೆಯ ಅಂಚಿಗೆ ಹೋದಂತೆ, ಸುತ್ತುಗಳು ಕಿರಿದಾಗಿ ಚಪ್ಪಟೆಯಾಗಬೇಕು. ಬೆಳಕಿನ ಬದಿಯ ಗುರುತು ಐದೋ ಆರೋ, ನೆರಳಿನ ಬದಿಯದು ಏಳು. ಎಲ್ಲವನ್ನೂ ಒಂದೇ ಕಪ್ಪಿನಲ್ಲಿ ತುಂಬಿದ ಕ್ಷಣ ಮೈಯ ದುಂಡುತನ ಹೋಗಿ ಅಚ್ಚು ಹಾಕಿದ ಬಟ್ಟೆಯಾಗುತ್ತದೆ. ಗುರುತಿನ ಅಂಚೂ ಕತ್ತರಿಸಿದಂತಿರಬಾರದು. ಕೂದಲು ಬೆಳೆದ ದಿಕ್ಕಿಗೆ ನಾಲ್ಕಾರು ಚುಕ್ಕಿ ಹೊರಚಾಚಿರಬೇಕು.

ತುಪ್ಪಳಕ್ಕೆ ಒಂದೊಂದು ಕೂದಲನ್ನೂ ಬಿಡಿಸಲು ಹೋಗುವುದು ವ್ಯರ್ಥ. ಕೂದಲ ಗೊಂಚಲೊಂದು ಇನ್ನೊಂದರ ಮೇಲೆ ಕೂತಲ್ಲಿ ಕೆಳಗೊಂದು ಸಣ್ಣ ನೆರಳು ಬೀಳುತ್ತದೆ. ಆ ನೆರಳನ್ನು ದಟ್ಟವಾಗಿ ಶುರುಮಾಡಿ ಗೊಂಚಲ ತುದಿಯ ಕಡೆಗೆ ವಿರಳ ಮಾಡಿದರೆ ಉಳಿದ ಬಿಳಿಯೇ ಕೂದಲಾಗುತ್ತದೆ. ದಿಕ್ಕು ತಪ್ಪಬಾರದು: ಮೂಗಿನ ಮೇಲೆ ಹಣೆಯತ್ತ, ಕೆನ್ನೆಯಲ್ಲಿ ಹೊರಕ್ಕೆ, ಎದೆಯಲ್ಲಿ ಕೆಳಕ್ಕೆ. ಮೀಸೆಗೆ ಎರಡು ಪೆನ್ಸಿಲ್ ಗೆರೆ ಎಳೆದು ನಡುವಿನ ಬಿಳಿಯನ್ನು ಕೊನೆಯವರೆಗೂ ಕಾಪಾಡಿಕೊಳ್ಳಬೇಕು. ಬಿಳಿ ಜೆಲ್ ಪೆನ್ನಿನಿಂದ ಆಮೇಲೆ ಎಳೆದ ಮೀಸೆ ಕಾಗದದ ಬಿಳಿಗೆ ಹೊಂದುವುದಿಲ್ಲ.

ಚುಕ್ಕಿಗೆ ಹೇಳಿ ಮಾಡಿಸಿದಂಥ ಪ್ರಾಣಿ ಏಷ್ಯಾದ ಆನೆ. ಕಿವಿಯ ಅಂಚಿನಲ್ಲಿ, ಸೊಂಡಿಲಿನ ಮೇಲೆ ಬಣ್ಣಗೆಟ್ಟು ಮೂಡುವ ತಿಳಿ ಮಚ್ಚೆಗಳನ್ನು ಗೆರೆಯಲ್ಲಿ ತೋರಿಸುವುದು ಕಷ್ಟ, ಚುಕ್ಕಿ ವಿರಳ ಮಾಡಿದರೆ ತಾವೇ ಬರುತ್ತವೆ. ಸುಕ್ಕನ್ನು ಗೆರೆಯಾಗಿ ಎಳೆಯದೆ, ಉಬ್ಬನ್ನು ಬಿಳಿ ಬಿಟ್ಟು ತಗ್ಗಿನ ಒಂದು ಬದಿಗೆ ಮಾತ್ರ ನೆರಳು ಕೊಡಬೇಕು. ಉಗುರು ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು.

ಬಣ್ಣದ ಚುಕ್ಕಿಗಳ ಬಗ್ಗೆ ಚಿಕ್ಕದಾಗಿ. ಫ್ರೆಂಚ್ ಚಿತ್ರಕಾರ ಜಾರ್ಜ್ ಸೂರಾ 1886ರಲ್ಲಿ ಪ್ರದರ್ಶಿಸಿದ ದೊಡ್ಡ ಕ್ಯಾನ್ವಾಸಿನಿಂದ, ಬಣ್ಣದ ಚುಕ್ಕಿಗಳಲ್ಲೇ ಚಿತ್ರಿಸುವ ಪಾಯಿಂಟಿಲಿಸಂ ಹೆಸರಾಯಿತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ಬರೆದಿದ್ದನ್ನು ಸೂರಾ ಬಳಸಿಕೊಂಡ. ಆದರೆ ಹಳದಿ, ನೀಲಿ ಚುಕ್ಕಿ ಬೆರೆಸಿದರೆ ಹಚ್ಚಹಸಿರು ಸಿಗುತ್ತದೆ ಎಂದು ಕಲಿಸುವುದು ತಪ್ಪು. ಕಣ್ಣಿನಲ್ಲಿ ಬೆರೆತಾಗ ಅವು ಬೂದಿನ ಕಡೆ ವಾಲುತ್ತವೆ. ಎಲೆಗಳಿಗೆ ಹಸಿರು ಚುಕ್ಕಿಯೇ ಬೇಕು, ಬಿಸಿಲಿಗೆ ಹಳದಿ, ನೆರಳಿಗೆ ನೀಲಿ ಜೊತೆಗಿರಲಿ. ಹುಲಿಯ ಕಿತ್ತಳೆಯ ನೆರಳಿಗೆ ನೀಲಿ ತುಸುವೇ ಸಾಕು, ಹೆಚ್ಚಾದರೆ ಕಿತ್ತಳೆ ಸತ್ತುಹೋಗುತ್ತದೆ. ತಿಳಿ ಬಣ್ಣಗಳನ್ನು ಮೊದಲು ಮುಗಿಸಿ, ಇಲ್ಲದಿದ್ದರೆ ಹಳದಿ ಪೆನ್ನಿನ ತುದಿ ಹಸಿ ಕಪ್ಪನ್ನು ಹೀರಿ ಕೊಳೆಯಾಗುತ್ತದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಮೀಟರ್ ದೂರದಿಂದ ಸುಮಾರು 0.3 ಮಿ.ಮೀ.ಗಿಂತ ಸಣ್ಣ ಅಂತರವನ್ನು ಬಿಡಿಸಿ ನೋಡಲಾರದು. ನೋಡುವ ದೂರ ತಿಳಿದುಕೊಂಡೇ ಚುಕ್ಕಿಯ ಗಾತ್ರ ಆರಿಸಬೇಕು.

ಇನ್ನು ಪತ್ರಿಕೆಯವರಿಗೆ. ನೀವು ಅಚ್ಚು ಹಾಕುವ ಫೋಟೊಗಳೂ ಚುಕ್ಕಿಗಳೇ. ಫೋಟೊ ಅಚ್ಚಾಗುವ ಆ ವಿಧಾನಕ್ಕೆ ಹಾಫ್‌ಟೋನ್ ಎನ್ನುತ್ತಾರೆ; ಅದರಲ್ಲಿ ಚುಕ್ಕಿಗಳ ಅಂತರ ಸಮ, ಗಾತ್ರ ಬೇರೆ ಬೇರೆ. ನಮ್ಮ ಚಿತ್ರದಲ್ಲಿ ಗಾತ್ರ ಸಮ, ಅಂತರ ಬೇರೆ ಬೇರೆ. ಚುಕ್ಕಿಚಿತ್ರವನ್ನು ಫೋಟೊದಂತೆ ಬೂದು ಛಾಯೆಯ ಜೆಪೆಗ್ ಮಾಡಿ ಹಾಫ್‌ಟೋನಿಗೆ ಕೊಟ್ಟಾಗ ಒಂದರ ಮೇಲೊಂದು ಜಾಲರಿ ಕೂತು ಅಲೆ ಅಲೆಯ ಮಾದರಿ ಏಳುತ್ತದೆ, ಕಲಾವಿದರು ಬಿಟ್ಟ ತೆಳು ಛಾಯೆ ಕಲಸಿಹೋಗುತ್ತದೆ. ದಯವಿಟ್ಟು ಕಪ್ಪುಬಿಳುಪಿನ ಚುಕ್ಕಿಚಿತ್ರವನ್ನು ಲೈನ್ ಆರ್ಟ್ (ನಡುವಿನ ಛಾಯೆಯಿಲ್ಲದ ಅಪ್ಪಟ ಕಪ್ಪುಬಿಳಿ ಚಿತ್ರ) ಎಂದೇ ಪರಿಗಣಿಸಿ. ಮೂಲಚಿತ್ರ ತರಿಸಿ 1200 ಡಿಪಿಐನಲ್ಲಿ (ಇಂಚಿಗೆ 1200 ಬಿಂದು) ಸ್ಕ್ಯಾನ್ ಮಾಡಿ, ಬೂದಿಲ್ಲದ ಬಿಟ್‌ಮ್ಯಾಪ್ ಆಗಿ ಟಿಫ್ ಕಡತದಲ್ಲಿ ಉಳಿಸಿ. ಆ ದರದಲ್ಲಿ 0.25 ಮಿ.ಮೀ. ಚುಕ್ಕಿಯ ಅಗಲಕ್ಕೆ ಸುಮಾರು 12 ಪಿಕ್ಸೆಲ್ ಸಿಗುತ್ತವೆ. 300 ಡಿಪಿಐನಲ್ಲಿ ಸಿಗುವುದು ಮೂರೇ, ದುಂಡು ಚುಕ್ಕಿ ಚೌಕವಾಗುತ್ತದೆ. ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರವನ್ನು ಅಚ್ಚಿಗೆ ಒಪ್ಪಿಕೊಳ್ಳದಿರುವುದೇ ಒಳ್ಳೆಯದು.

ಚಿತ್ರದ ಅಡಿಬರಹದಲ್ಲಿ ಚುಕ್ಕಿಗಳ ಎಣಿಕೆಯ ಬದಲು ಮೂಲಚಿತ್ರದ ಅಳತೆ, ಪೆನ್ನಿನ ಅಗಲ, ಯಾರ ಫೋಟೊ ನೋಡಿ ಬಿಡಿಸಿದ್ದು ಎಂಬುದನ್ನು ಕೊಡಿ. ಫೋಟೊ ಬೇರೆಯವರದಾಗಿದ್ದರೆ ಅವರ ಒಪ್ಪಿಗೆ ಇದೆಯೇ ಎಂದು ಕೇಳಿ. ಸ್ಪರ್ಧೆಗೆ ಚಿತ್ರ ಆಹ್ವಾನಿಸುವಾಗ ಅಚ್ಚಾಗುವ ಅಗಲವನ್ನೂ ಮೊದಲೇ ಪ್ರಕಟಿಸಿದರೆ ಉಪಕಾರವಾಗುತ್ತದೆ. 12 ಸೆಂ.ಮೀ. ಎಂದು ಗೊತ್ತಿದ್ದರೆ ಕಲಾವಿದರು 18 ಸೆಂ.ಮೀ. ಅಗಲದಲ್ಲಿ 0.35ರ ಪೆನ್ನಿನಿಂದ ಬಿಡಿಸುತ್ತಾರೆ. ನ್ಯೂಸ್‌ಪ್ರಿಂಟ್‌ನಲ್ಲಿ ಶಾಯಿ ಹರಡಿ ಚುಕ್ಕಿ ದಪ್ಪವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಛಾಯಾಪಟ್ಟಿಯ ಆರನೇ ಚೌಕವನ್ನು ಐದರಷ್ಟಕ್ಕೇ ನಿಲ್ಲಿಸುತ್ತಾರೆ.

ಇಂತಿ,
ವನ್ಯಜೀವಿ ಚುಕ್ಕಿಚಿತ್ರ ಬಿಡಿಸುವ ಓದುಗರು