ಅರ್ಧ ದಿನದಲ್ಲಿ ಕಂಡ ವಿಜಯಪುರ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ವಿಜಯಪುರವನ್ನು ಕುರಿತು ಪ್ರಕಟವಾದ ಪ್ರವಾಸ ಲೇಖನವನ್ನು ಈ ಊರಿನ ನಿವಾಸಿಯಾಗಿ ಓದಿದೆ. ಮೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಇಲ್ಲಿಗೆ ಬಂದಿಳಿದು, ಗೋಳಗುಮ್ಮಟವನ್ನು ಹತ್ತಿ ಇಳಿದು, ಬಸ್ ನಿಲ್ದಾಣದ ಆಸುಪಾಸಿನ ಹೋಟೆಲೊಂದರಲ್ಲಿ ಆರಿದ ಇಡ್ಲಿ ತಿಂದು, ಹೊತ್ತು ಮುಳುಗುವ ಮುನ್ನ ಸೊಲ್ಲಾಪುರದ ದಾರಿ ಹಿಡಿದ ಲೇಖಕರು, ಆ ಒಂದು ಗುಮ್ಮಟವನ್ನು ಬಿಟ್ಟರೆ ಇಲ್ಲಿ ಧೂಳು, ಬಿಸಿಲು ಮತ್ತು ಗದ್ದಲಕ್ಕಿಂತ ಹೆಚ್ಚಿನದೇನೂ ಇಲ್ಲವೆಂಬ ಅರ್ಥದ ತೀರ್ಮಾನಕ್ಕೆ ಬಂದಿದ್ದಾರೆ. ಅವರು ಕಂಡದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಧೂಳಂತೂ ನಮಗೂ ಏಳುತ್ತದೆ. ಆದರೆ ಅಷ್ಟನ್ನೇ ಆಧಾರವಾಗಿಟ್ಟುಕೊಂಡು ಇಡೀ ಊರಿಗೆ ಅಂಕ ಹಾಕಿದ್ದು ಸರಿಯೆನಿಸಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಅವರು ನೋಡಿದ ಗುಮ್ಮಟದ ಮಾತನ್ನೇ ತೆಗೆದುಕೊಳ್ಳೋಣ. ಒಂದು ತುದಿಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ ಎಂಬುದನ್ನು ನಂಬಿ ಮೇಲೇರಿದರೆ ಬರೀ ಕಿರುಚಾಟ ಕಿವಿಗೆ ಬಿತ್ತು ಎಂದು ಅವರು ಬೇಸರಪಟ್ಟಿದ್ದಾರೆ. ಮಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನಡುವೆ ಒಂದೂ ಕಂಬವಿಲ್ಲದ ಆ ಟೊಳ್ಳಿನ ಒಳಗೋಡೆಯ ಬಾಗು, ಮೆಲುದನಿಯನ್ನೂ ಚದುರಲು ಬಿಡದೆ ಸುತ್ತಲೂ ಒಯ್ದು ಎದುರು ಬದಿಗೆ ಮುಟ್ಟಿಸುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರುದನಿಸುತ್ತದೆ. ಪಿಸುಮಾತನ್ನು ಸಾಗಿಸುವ ಅದೇ ಗೋಡೆ, ಬೇಸಿಗೆ ರಜೆಯ ಮಧ್ಯಾಹ್ನ ಐವತ್ತು ಮಕ್ಕಳು ಒಟ್ಟಿಗೆ ಕೂಗಿದಾಗ ಆ ಕೂಗನ್ನೂ ಅಷ್ಟೇ ನಿಷ್ಠೆಯಿಂದ ಹಲವು ಪಟ್ಟು ಮಾಡಿ ಹಿಂದಿರುಗಿಸುತ್ತದೆ. ಅಂದು ಅವರಿಗೆ ಕೇಳಿಸಿದ್ದು ಆ ಕಟ್ಟಡದ ಗುಣವೇ ಹೊರತು ದೋಷವಲ್ಲ. ದೂರದ ನೆಂಟರು ಬಂದಾಗ ಊರಿನವರು ಅವರನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕರೆದೊಯ್ಯುವುದು ಇದೇ ಕಾರಣಕ್ಕೆ. ಮೂಲೆಯ ಎಂಟು ಮೂಲೆಗಳ ಗೋಪುರದ ಮೆಟ್ಟಿಲುಗಳನ್ನು ತಂಪು ಹೊತ್ತಿನಲ್ಲಿ ಹತ್ತಿದರೆ ಏದುಸಿರೂ ಕಡಿಮೆ. ಇನ್ನು ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ಮುಚ್ಚಿತ್ತೆಂದು ಅವರು ದೂರಿದ್ದಾರೆ. ಶುಕ್ರವಾರ ಅದರ ವಾರದ ರಜೆ.

ಊರಿನ ನಕ್ಷೆಯೂ ಅರ್ಧ ದಿನದ ಪ್ರವಾಸಿಗೆ ಅನುಕೂಲವಾಗಿಲ್ಲ. ಗೋಳಗುಮ್ಮಟ ಇರುವುದು ಊರಿನ ಪೂರ್ವದ ಅಂಚಿನಲ್ಲಿ, ರೈಲು ನಿಲ್ದಾಣಕ್ಕೆ ಹತ್ತಿರ. ಇಬ್ರಾಹಿಂ ರೋಜಾ ಇರುವುದು ಪಶ್ಚಿಮದಲ್ಲಿ, ಕೋಟೆಗೋಡೆಯನ್ನೂ ದಾಟಿ ಆಚೆಗೆ. ಈ ಎರಡರ ನಡುವೆ ಇರುವುದೇ ಹಳೆಯ ರಾಜಧಾನಿ. ಪೂರ್ವದಲ್ಲಿ ಇಳಿದು ಪೂರ್ವದಲ್ಲೇ ತಿರುಗಿದವರಿಗೆ ಗಾತ್ರ ಕಾಣುತ್ತದೆ, ಕುಸುರಿ ಕಾಣುವುದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರೋಜಾದಲ್ಲಿ ಒಂದೇ ಜಗತಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ, ನಡುವೆ ಕಾರಂಜಿಯ ಹೊಂಡ. ಕಿಟಕಿಗಳ ಕಲ್ಲುಜಾಲರಿಯನ್ನು ಅರಬ್ಬಿ ಅಕ್ಷರಗಳನ್ನೇ ಕೊರೆದು ಮಾಡಿದ್ದಾರೆ. ಬೆಳಕು ಒಳಗೆ ಬರುವುದು ಆ ಅಕ್ಷರಗಳ ಸಂದಿಯಿಂದ. ಮೊದಲು ರಾಣಿ ತಾಜ್ ಸುಲ್ತಾನಳಿಗೆಂದು ಯೋಚಿಸಿದ ಕಟ್ಟಡದಲ್ಲಿ ಅವಳಿಗಿಂತ ಮುಂಚೆ ಅರಸನೇ ಮಲಗಬೇಕಾಯಿತು. ನನ್ನನ್ನು ಕೇಳಿದರೆ, ಒಂದೇ ಕಟ್ಟಡವನ್ನು ನೋಡುವಷ್ಟು ಸಮಯವಿದ್ದವರು ಗುಮ್ಮಟವನ್ನು ಬಿಟ್ಟು ಇದನ್ನು ನೋಡಬೇಕು. ಊರಿನ ಹಲವರು ಇದನ್ನು ಒಪ್ಪಲಿಕ್ಕಿಲ್ಲ.

ಲೇಖಕರು ವಾಹನದ ಕಿಟಕಿಯಿಂದ ಕಂಡು, ಕಾಳಜಿಯಿಲ್ಲದೆ ಕುಸಿದುಹೋದ ಕಟ್ಟಡವೆಂದು ಮರುಗಿರುವ ಕಮಾನುಗಳ ಸಾಲು ನಿಜವಾಗಿ ಬಾರಾ ಕಮಾನ್. ಅದು ಕುಸಿದದ್ದಲ್ಲ, ಮುಗಿಯದೇ ಉಳಿದದ್ದು. ತನ್ನ ಸಮಾಧಿಗೆಂದು ಎರಡನೆಯ ಅಲಿ ಆದಿಲ್‌ಶಾಹ ಆರಂಭಿಸಿದ ಈ ಕೆಲಸ 1672ರಲ್ಲಿ ಅವನು ತೀರಿಕೊಂಡಾಗ ಅಲ್ಲಿಗೇ ನಿಂತಿತು. ಗಾಡಿಯಿಂದ ಇಳಿದು ಒಳಗೆ ಹೋಗಿ ಫಲಕ ಓದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಇಲ್ಲಿ ಅರಮನೆಗೂ ಮನೆಗೂ ನಡುವೆ ಗೆರೆಯೇ ಇಲ್ಲ ಎಂಬ ಅವರ ಆಕ್ಷೇಪಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಂಪಿಯಲ್ಲಿ ಬಹುಪಾಲು ಸ್ಮಾರಕಗಳು ಬಯಲಿನಲ್ಲಿ, ಬಂಡೆಗಳ ನಡುವೆ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ. ವಿಜಯಪುರದ ಕಥೆ ಬೇರೆ. 1686ರಲ್ಲಿ ಔರಂಗಜೇಬನ ವಶವಾದ ಮೇಲೆ ಸೊರಗುತ್ತಾ ಬಂದ ಈ ಊರಿಗೆ ಬ್ರಿಟಿಷರು 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರವನ್ನು ತಂದರು, ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿಸಿ ಕಚೇರಿಗಳನ್ನಾಗಿ ಮಾಡಿಕೊಂಡರು. ಅಂದಿನಿಂದ ಜನ ಆ ಗೋಡೆಗಳ ಆಸರೆಯಲ್ಲೇ ಅಂಗಡಿ ಇಟ್ಟು, ಮನೆ ಕಟ್ಟಿ, ಎಮ್ಮೆ ಕಟ್ಟಿ ಬದುಕಿದ್ದಾರೆ. ಇದರಿಂದ ಸ್ಮಾರಕಗಳಿಗೆ ಹಾನಿಯಾಗಿದೆ, ಕಂದಕದ ಎಷ್ಟೋ ಭಾಗ ಒತ್ತುವರಿಯಾಗಿದೆ. ಇದನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಆದರೆ ಬದುಕಿರುವ ಊರನ್ನು ನೋಡಲು ಬಂದವರು ಅದು ಬದುಕಿರುವುದನ್ನೇ ಕೊರತೆಯೆಂದು ಎಣಿಸುವುದು ವಿಚಿತ್ರ.

ನೀರಿಲ್ಲದ ಒಣ ಊರು ಎಂಬ ಮಾತಿಗೂ ಉತ್ತರ ಕೊಡಬೇಕಿದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ಹೇಗೆ ನಡೆಯಿತು ಎಂಬುದೇ ಇಲ್ಲಿ ನೋಡಬೇಕಾದ ಸಂಗತಿ, ಮತ್ತು ಅದರ ಬಹುಪಾಲು ನೆಲದಡಿಯಲ್ಲಿದೆ. ತೊರವಿಯ ಕಡೆಯಿಂದ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರಿನೊಳಕ್ಕೆ ಒಯ್ದರು, ನೀರಿನ ಒತ್ತಡದಿಂದ ಕೊಳವೆ ಒಡೆಯದಿರಲೆಂದು ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಇವುಗಳನ್ನು ಗಂಜ್ ಎಂದು ಕರೆಯುತ್ತಾರೆ. ಕೆಲವು ಇಂದಿಗೂ ನಿಂತಿದ್ದು, ಅವುಗಳ ಪಕ್ಕದಲ್ಲೇ ಹಾದುಹೋಗುವ ಪ್ರವಾಸಿಗೆ ಯಾವುದೋ ಹಾಳು ಕಂಬವೆಂದು ತೋರುತ್ತವೆ. ಇದರ ಮೇಲೆ ತಾಜ್ ಬಾವಡಿ, ಚಾಂದ್ ಬಾವಡಿಯಂತಹ ದೊಡ್ಡ ಬಾವಿಗಳಿವೆ. ವರ್ಷಗಟ್ಟಲೆ ಕಸ ತುಂಬಿ ನಾರುತ್ತಿದ್ದ ತಾಜ್ ಬಾವಡಿಯ ಹೂಳೆತ್ತಿಸಿದ ಮೇಲೆ ಅಲ್ಲಿ ಹೋಗಿ ನಿಲ್ಲಬಹುದಾಗಿದೆ.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜೋಳದ ನಾಡಿಗೆ ಬಂದು ಬಸ್ ನಿಲ್ದಾಣದಲ್ಲಿ ಇಡ್ಲಿ ಕೇಳಿದವರಿಗೆ ಸಿಕ್ಕಿದ್ದೇ ಪುಣ್ಯ. ಯಾವುದಾದರೂ ಖಾನಾವಳಿಯ ಬಾಗಿಲಲ್ಲಿ ತಲೆ ತೂರಿಸಿದ್ದರೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎದುರಿಗೆ ಬರುತ್ತಿತ್ತು. ಮತ್ತೊಂದು ಮಾತು: ಕನ್ನಡ ಪತ್ರಿಕೆಗೆ ಬರೆದವರು ಫ.ಗು. ಹಳಕಟ್ಟಿಯವರ ಹೆಸರನ್ನೂ ಎತ್ತಲಿಲ್ಲವೆಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವುಂಟುಮಾಡಿತು. ಮನೆಮನೆಗೆ ಅಲೆದು ತಾಳೆಗರಿಗಳನ್ನು ಕೂಡಿಸಿ, ಸ್ವಂತ ಮುದ್ರಣಾಲಯ ಇಟ್ಟುಕೊಂಡು, ವಚನಗಳನ್ನು ಇಂದಿನ ಓದುಗರ ಕೈಗೆ ಮುಟ್ಟಿಸಿದ ಆ ವಕೀಲರು ದುಡಿದದ್ದು ಇದೇ ಊರಿನಲ್ಲಿ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಒಂದು ಸ್ಮಾರಕದಿಂದ ಇನ್ನೊಂದಕ್ಕೆ ದಾರಿ ತೋರುವ ಫಲಕಗಳು ಸಾಲವು, ಶೌಚಾಲಯಗಳು ಬೇಕಾದ ಕಡೆ ಇಲ್ಲ, ಹೊಸಬರು ಕಂಡರೆ ಆಟೋದವರಲ್ಲಿ ಕೆಲವರು ಬಾಯಿಗೆ ಬಂದ ಬಾಡಿಗೆ ಹೇಳುತ್ತಾರೆ. ಲೇಖಕರು ಇವನ್ನು ಹೆಸರಿಸಿ ಬರೆದಿದ್ದರೆ ಊರಿಗೆ ಉಪಕಾರವಾಗುತ್ತಿತ್ತು. ‘ಏನೂ ಇಲ್ಲ’ ಎಂದಾಗ ಸರಿಪಡಿಸುವುದಕ್ಕೂ ಏನೂ ಉಳಿಯುವುದಿಲ್ಲ.

ಇಂತಹ ಬರಹಗಳ ಪರಿಣಾಮ ನೇರವಾಗಿ ಊರಿನ ಮೇಲಾಗುತ್ತದೆ. ಬಾದಾಮಿಯಿಂದ ಬೆಳಿಗ್ಗೆ ಹೊರಟು, ಕೂಡಲಸಂಗಮ ಮತ್ತು ಆಲಮಟ್ಟಿಯನ್ನು ಮುಗಿಸಿ, ಸುಡುಬಿಸಿಲಿನಲ್ಲಿ ವಿಜಯಪುರಕ್ಕೆ ತಂದು ನಿಲ್ಲಿಸುವುದು ಪ್ರವಾಸ ಏರ್ಪಡಿಸುವವರಿಗೆ ರೂಢಿಯಾಗಿದೆ. ಎರಡು ತಾಸು ಸಾಕೆಂದು ಅವರು ಅಷ್ಟೇ ಕೊಡುತ್ತಾರೆ. ಎರಡು ತಾಸಿನಲ್ಲಿ ಕಂಡವರು ಎರಡು ತಾಸೇ ಸಾಕಿತ್ತೆಂದು ಬರೆಯುತ್ತಾರೆ. ಅದನ್ನು ಓದಿ ಮುಂದಿನವರು ರಾತ್ರಿ ತಂಗುವ ಯೋಚನೆಯನ್ನೇ ಬಿಡುತ್ತಾರೆ. ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಪ್ರವಾಸ ಲೇಖನಗಳ ಕೊನೆಯಲ್ಲಿ ಲೇಖಕರು ಆ ಊರಿಗೆ ಯಾವ ತಿಂಗಳಲ್ಲಿ ಹೋಗಿದ್ದರು, ಎಷ್ಟು ಹೊತ್ತು ಇದ್ದರು, ಯಾವ ಸ್ಥಳಗಳನ್ನು ಇಳಿದು ನೋಡಿದರು, ಯಾವುವನ್ನು ಬಿಟ್ಟರು ಎಂಬುದನ್ನು ಎರಡು ಸಾಲಿನಲ್ಲಿ ಕಡ್ಡಾಯವಾಗಿ ಮುದ್ರಿಸಬೇಕು. ಜೊತೆಗೆ, ಸಾಧ್ಯವಾದರೆ, ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಗೆ ಇದೇ ಲೇಖಕರನ್ನು ಪತ್ರಿಕೆಯ ಪರವಾಗಿ ಮತ್ತೊಮ್ಮೆ ಕಳುಹಿಸಿಕೊಡಿ. ಆಗಲೂ ಊರು ಹಿಡಿಸದಿದ್ದರೆ ಅವರು ಬರೆದದ್ದನ್ನು ನಾನು ತಕರಾರಿಲ್ಲದೆ ಓದುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ವಿಜಯಪುರ