ತಾಳವಾಡಿಯಿಂದ, ಸರೋಜಾದೇವಿ ಬಗ್ಗೆ

ಗೆಳೆಯಾ,

2025ರ ಜುಲೈ 14ರಂದು ನಟಿ ಸರೋಜಾದೇವಿ ಹೋದ ಸುದ್ದಿ ಬಂದಾಗ ನೀನು ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಎರಡು ಕೈಮುಗಿದ ಚಿತ್ರ ಕಳಿಸಿದ್ದೆ. ನಾನು ಏನೂ ಕಳಿಸಲಿಲ್ಲ. ಸುಮ್ನೆ ಒಂದು ಚಿತ್ರ ಹಾಕಿ ಮುಗಿಸೋಕೆ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ತಮಿಳುನಾಡಿಗೆ ಸೇರಿದ ಈ ತಾಳವಾಡಿಯಲ್ಲಿ, ಕನ್ನಡ ಮಾತಾಡೋ ನಮ್ಮ ಮನೆಯಲ್ಲಿ ಅವತ್ತು ರಿಮೋಟಿಗೆ ಜಗಳ. ಅಪ್ಪ ಗೊತ್ತಲ್ಲ, ಎಂಜಿಆರ್ ಪಕ್ಷದ ಎರಡೆಲೆ ಗುರುತು ಬಿಟ್ಟು ಬೇರೆಯದಕ್ಕೆ ಓಟು ಒತ್ತಿದವರಲ್ಲ. ಎಂಜಿಆರ್ ಜೊತೆ 26 ಸಿನಿಮಾ ಮಾಡಿದಾಕೆ, ತಮಿಳು ಚಾನೆಲ್ಲೇ ಇರಲಿ ಅಂತ ಅವರ ಹಟ. ಅವ್ವನಿಗೆ ಬೇಕಾದದ್ದು 'ಬಭ್ರುವಾಹನ'ದ ಚಿತ್ರಾಂಗದೆ. ರಾಜ್‌ಕುಮಾರ್ ನಮ್ಮ ಗಾಜನೂರಿನವರು, ಅವ್ವನ ಹತ್ತಿರ ವಾದ ಮಾಡೋಕಾಗುತ್ತಾ? 1977ರ ಆ ಸಿನಿಮಾದಲ್ಲಿ ಅರ್ಜುನನೂ ರಾಜ್, ಬಭ್ರುವಾಹನನೂ ರಾಜ್. ಈಕೆ ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ತಾಯಿ. ಎದುರಿಗಿರೋದು ಅದೇ ಮುಖ, ನೋಡುವ ನೋಟ ಮಾತ್ರ ಬೇರೆ ಆಗಬೇಕು. ಅದು ಎಷ್ಟು ಕಷ್ಟ ಹೇಳು.

ಆದರೆ ನಾನು ಬರೆಯಬೇಕು ಅಂದುಕೊಂಡದ್ದು ಅವರ ತಮಿಳಿನ ಬಗ್ಗೆ. ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲದ ಕಾಲೇಜಿನಲ್ಲಿ ಬಾಯಿ ಬಿಟ್ಟ ಕೂಡಲೇ ನಮ್ಮ ತಮಿಳು ಕೇಳಿ ನಗುತ್ತಿದ್ದರಲ್ಲ, ನೀನಂತೂ ಮೊದಲ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದೆ. ಚನ್ನಪಟ್ಟಣದ ಕಡೆಯ ದಶವಾರದ ಹುಡುಗಿ ಇವರು. 1955ರಲ್ಲಿ 'ಮಹಾಕವಿ ಕಾಳಿದಾಸ'ದಿಂದ ಶುರು, 1958ರಲ್ಲಿ 'ನಾಡೋಡಿ ಮನ್ನನ್' ಬಂದಮೇಲೆ ತಮಿಳುನಾಡಿಗೆಲ್ಲ ಗೊತ್ತಾದರು. ಅವರ ತಮಿಳಿನಲ್ಲೂ ಕನ್ನಡ ಇಣುಕುತ್ತಿತ್ತು. ಮಿಮಿಕ್ರಿ ಮಾಡೋರು ಇವತ್ತಿಗೂ ಆ ಮುದ್ದು ಮುದ್ದು ಮಾತನ್ನೇ ಹಿಡಿದು ನಗಿಸುತ್ತಾರೆ. ಜನ ಮಾತ್ರ ಅದನ್ನೇ ಮೆಚ್ಚಿ 'ಕನ್ನಡತ್ತು ಪೈಂಗಿಳಿ', ಕನ್ನಡದ ಹಸಿರು ಗಿಳಿ ಅಂದರು. ಚೆಲುವೆ ಆಗಿದ್ದಕ್ಕೆ ನಡೀತು ಅಂತೀಯ. ಸ್ವಲ್ಪ ಇರಬಹುದು. 'ಪಾಲುಂ ಪಳಮುಂ' ಇನ್ನೊಂದು ಸಲ ನೋಡು, ಶಿವಾಜಿ ಗಣೇಶನ್ ಡಾಕ್ಟರು, ಈಕೆ ಕ್ಷಯ ಹತ್ತಿದ ನರ್ಸು. ಅಲ್ಲಿ ಉಚ್ಚಾರಣೆ ಹೇಗಿತ್ತು ಅಂತ ಯಾರಿಗೂ ನೆನಪಿರಲ್ಲ.

ಅದು 1961. ಅದೇ ವರ್ಷ ಹಿಂದಿಯಲ್ಲಿ 'ಸಸುರಾಲ್', ಕನ್ನಡದಲ್ಲಿ 'ಕಿತ್ತೂರು ಚೆನ್ನಮ್ಮ'. ಒಂದೇ ವರ್ಷಕ್ಕೆ ಮೂರು ಭಾಷೆ! ಚೆನ್ನಮ್ಮನ ಸಿನಿಮಾ ನಿರ್ದೇಶಿಸಿದ ಪಂತುಲು ಅವರೇ ಎರಡು ವರ್ಷ ಮೊದಲು ತಮಿಳಿನಲ್ಲಿ ಶಿವಾಜಿಯಿಂದ ಕಟ್ಟಬೊಮ್ಮನ್ ಪಾತ್ರ ಮಾಡಿಸಿದ್ದು. ನಮ್ಮ ಶಾಲೆಯ ವಾರ್ಷಿಕೋತ್ಸವ ನೆನಪಿದೆಯಾ? ತಮಿಳು ಮೀಡಿಯಂನವರು ಮೀಸೆ ಅಂಟಿಸಿಕೊಂಡು ಕಟ್ಟಬೊಮ್ಮನ್, ಅವರು ಇಳಿದ ಕೂಡಲೇ ನಮ್ಮ ಕಡೆಯಿಂದ ಚೆನ್ನಮ್ಮ. ಒಂದೇ ಸಂಜೆ ಬ್ರಿಟಿಷರಿಗೆ ಎರಡು ಭಾಷೆಯಲ್ಲಿ ಕಪ್ಪ ಕೊಡಲ್ಲ ಅಂತಿದ್ದೆವು. ಬ್ರಿಟಿಷ್ ಸಾಹೇಬನ ವೇಷಕ್ಕೆ ಮಾತ್ರ ಎರಡು ಸಲಕ್ಕೂ ನಿನ್ನನ್ನೇ ನಿಲ್ಲಿಸುತ್ತಿದ್ದರು, ಮಾತು ಕಮ್ಮಿ ಅಂತ.

ಪೇಪರುಗಳನ್ನು ಓದಿ ನನಗೆ ಸ್ವಲ್ಪ ಸಿಟ್ಟೂ ಬಂತು. ಕನ್ನಡದವರು ಬರೆದದ್ದು ಓದಿದರೆ ಮದ್ರಾಸಿಗೆ ನೆಂಟರ ಮನೆಗೆ ಹೋಗಿಬಂದವರ ಹಾಗಿತ್ತು. ತಮಿಳಿನವರದ್ದು ಓದಿದರೆ ಎಂಜಿಆರ್ ಪಕ್ಕದಲ್ಲಿ ನಿಂತದ್ದು ಬಿಟ್ಟರೆ ಬೇರೆ ಬದುಕೇ ಇಲ್ಲ. ತಾಳವಾಡಿಯಲ್ಲಿ ಕೂತು ಎರಡನ್ನೂ ಓದೋ ನಮ್ಮಂಥವರಿಗೆ ಎರಡೂ ಅರ್ಧಂಬರ್ಧ ಅನ್ನಿಸುತ್ತೆ.

87 ವರ್ಷ ಬದುಕಿದರು, ಕಣ್ಣು ದಾನ ಮಾಡಿ ಹೋದರು. ದಶವಾರದಲ್ಲೇ, ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ನಿನ್ನ ರೂಮಿನಿಂದ ಅವರ ಮನೆಯಿದ್ದ ಮಲ್ಲೇಶ್ವರಕ್ಕೆ ಒಂದೇ ಬಸ್ಸು, ಕೊನೆಗೆ ಒಂದು ಸಲ ಹೋಗಿ ನೋಡಬಹುದಿತ್ತು. ಹೋಗಲಿಲ್ಲ ಅಲ್ವಾ ನೀನು?

ಇರಲಿ. ನಿನಗೆ ಅವರ ಯಾವ ಪಾತ್ರ ಇಷ್ಟ ಅಂತ ಬರಿ. 'ಮಲ್ಲಮ್ಮನ ಪವಾಡ'ದ ಆ ಗಟ್ಟಿ ಸೊಸೆ ಅಂತ ಮಾತ್ರ ಅನ್ನಬೇಡ, ಅದು ನಂದು.

ನಿನ್ನ ಗೆಳೆಯ